ಗೋರಿಗಳಾಚೆ ಒಂದು ಹಾರ್ಮೋನಿಯಂ

ಹಳೆಯ ಚರ್ಚು ಕಂಡರೆ ನಮ್ಮನೆಯವರ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅವರು ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಡಾಕ್ಟರಾಗಿದ್ದಾಗ ಗೋಧಿ ಹೊಲಗಳ ನಡುವಿನ ಇಟ್ಟಿಗೆ ಚರ್ಚುಗಳನ್ನೆಲ್ಲ ನೋಡಿ ಮುಗಿಸಿದೆವು. ಮುಂದೆ ಬ್ರಿಸ್ಬೇನಿಗೆ ಬಂದ ಮೇಲೆ ಗಿಡ್ಡ ಕಂಬಗಳ ಮೇಲೆ ನಿಂತ ಮರದ ಚರ್ಚುಗಳು. ಇವೆರಡರ ನಡುವೆ, ಅಡಿಲೇಡಿನಲ್ಲಿದ್ದಾಗ, ಬೆಟ್ಟದ ಕಡೆಯ ಕಲ್ಲಿನ ಚರ್ಚುಗಳು. ಎಲ್ಲ ಆಂಗ್ಲಿಕನ್ ಪಂಥದವು, ಎಲ್ಲ ಪುಟ್ಟವು. ಉಳಿದ ಕನ್ನಡದ ಡಾಕ್ಟರುಗಳು ಭಾನುವಾರ ಬೀಚಿಗೆ ಹೋದರೆ ನಾವು ಚಿತ್ರಾನ್ನ ಕಟ್ಟಿಕೊಂಡು ಚರ್ಚಿಗೆ.

"ರೀ, ನಾವು ಹಿಂದೂಗಳು ಅನ್ನೋದು ನೆನಪಿದೆ ತಾನೇ?" ಎಂದು ಕೆಣಕುತ್ತಿದ್ದೆ.

"ನಾನು ನೋಡೋದು ಕಲ್ಲುಕೆಲಸ ಕಣೆ," ಎನ್ನುತ್ತಿದ್ದರು.

ಅಡಿಲೇಡಿಗೆ ಮೈಸೂರಿನಿಂದ ನಮ್ಮತ್ತೆ ಬಂದರು, ಒಂದು ವರ್ಷ ಇರಲೆಂದು. ಮೊದಲ ಭಾನುವಾರವೇ ಮಗ ಉತ್ಸಾಹದಿಂದ ಒಂದು ಚರ್ಚಿಗೆ ಕರೆದೊಯ್ದರು. ಗೇಟು ದಾಟಿ, ಹುಲ್ಲಿನಲ್ಲಿ ನಿಂತಿದ್ದ ಕಲ್ಲುಗಳ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಅಮ್ಮನಿಗೆ ಅರ್ಥ ಹೇಳತೊಡಗಿದರು. ಮೂರನೆಯ ಕಲ್ಲಿನ ಹತ್ತಿರ ಅತ್ತೆ ನಿಂತುಬಿಟ್ಟರು.

"ಇರು, ಇರು. ಇವೆಲ್ಲ ಗೋರಿಗಳೇನೋ?"

"ಹೌದಮ್ಮ, ಎಷ್ಟು ಹಳೇದು ನೋಡು!"

"ಥೂ! ದೇವರ ಮನೆ ಸುತ್ತ ಸ್ಮಶಾನ ಇಟ್ಕೊಂಡಿದ್ದಾರಲ್ಲೋ! ನಡೀರಿ ಮನೆಗೆ, ಎಲ್ಲರೂ ತಲೆಗೆ ಸ್ನಾನ ಮಾಡಿ!"

ಅಡಿಲೇಡಿನಲ್ಲಿ ಜುಲೈ ಎಂದರೆ ಕೊರೆಯುವ ಚಳಿಗಾಲ. ಗೀಸರಿನಲ್ಲಿ ಬಿಸಿನೀರು ಇದ್ದದ್ದು ಇಬ್ಬರಿಗೆ. ಮೂರನೆಯವಳು ನಾನು. ಹಲ್ಲು ಕಟಕಟಿಸುತ್ತಾ ಹೊರಬಂದಾಗ ನಮ್ಮನೆಯವರು, "ಪಾಪ, ಅಮ್ಮನಿಗೆ ಬೇಜಾರಾಯ್ತು," ಎಂದರು. ನನ್ನ ವಿಷಯ ಏನೂ ಹೇಳಲಿಲ್ಲ.

ಆಮೇಲೆ ಅತ್ತೆ ನಮ್ಮ ಜೊತೆ ಬರುತ್ತಿದ್ದರು, ಕಾರಿನಿಂದ ಮಾತ್ರ ಇಳಿಯುತ್ತಿರಲಿಲ್ಲ. ಕಿಟಕಿ ಗಾಜು ಒಂದಿಷ್ಟು ಇಳಿಸಿಕೊಂಡು ಶಾಲು ಹೊದ್ದು ಕೂತಿರುತ್ತಿದ್ದರು. ವಾರದ ದಿನಗಳಲ್ಲೂ ಹಾಗೆಯೇ, ಮನೆಯ ಕಿಟಕಿಯ ಹತ್ತಿರ. ಬೀದಿಯಲ್ಲಿ ಮಾತಾಡಿಸುವವರಿಲ್ಲ. ಎದುರು ಮನೆಯಾಕೆ ಮಾತಾಡುವುದೇನಿದ್ದರೂ ತನ್ನ ನಾಯಿಯ ಜೊತೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆ ಮೆಲ್ಲಗೆ ಹೇಳಿದರು:

"ಮಗು, ನನ್ನ ಟಿಕೆಟ್ ಬೇಗ ಮಾಡ್ಸಿಬಿಡೋ. ಇಲ್ಲಿ ನನ್ನ ಕೈಗೆ ಕೆಲಸಾನೇ ಇಲ್ಲ."

ಮಗನ ಮುಖ ಸಣ್ಣದಾಯಿತು. ಅಮ್ಮ ಒಂದು ವರ್ಷ ಜೊತೆಗಿರಲಿ ಎಂದು ಎಷ್ಟೋ ಕಾಲದಿಂದ ಕಾದಿದ್ದವರು. "ಮುಂದಿನ ವಾರ ವಿಚಾರಿಸ್ತೀನಮ್ಮ," ಎಂದರು. ಸೊಸೆಯಾದ ನಾನು ಖುಷಿಪಡಬೇಕಿತ್ತು. ಆದರೆ ಅತ್ತೆಯ ಜೊತೆ ಸೇರಿ ಗಂಡನ ಚರ್ಚಿನ ಹುಚ್ಚನ್ನು ಗೇಲಿ ಮಾಡುವ ರುಚಿ ಹತ್ತಿಬಿಟ್ಟಿತ್ತು. ನನಗೂ ಅವರು ಬೇಕಾಗಿದ್ದರು.

ಆ ಭಾನುವಾರ ಹೋದದ್ದು ಕುರಿಗಳು ಮೇಯುವ ಗುಡ್ಡದ ಮೇಲಿನ ಚರ್ಚಿಗೆ. ಒಳಗೆ ಬೀಗದ ಕೈ ಇಟ್ಟುಕೊಂಡ ಒಬ್ಬ ಮುದುಕಿ ಬೆಂಚುಗಳ ಧೂಳು ಒರೆಸುತ್ತಿದ್ದಳು. ನಮ್ಮನ್ನು ಕಂಡು ಸಂತೋಷಪಟ್ಟು, ಮೂಲೆಯ ವಾದ್ಯದ ಮುಂದೆ ಕೂತು, ಕಾಲಲ್ಲಿ ತಿದಿ ಒತ್ತುತ್ತಾ ಒಂದು ಹಾಡು ನುಡಿಸತೊಡಗಿದಳು. ಅಷ್ಟರಲ್ಲಿ ಹೊರಗೆ ಕಾರಿನ ಹಾರನ್ ಪೋಂ ಎಂದು ಬಡಿದುಕೊಂಡಿತು. ಅತ್ತೆ ಅದುವರೆಗೆ ಕಾರಿನ ಯಾವುದನ್ನೂ ಮುಟ್ಟಿದವರಲ್ಲ. ಎದ್ದುಬಿದ್ದು ಓಡಿದೆವು.

"ಏನಾಯ್ತಮ್ಮ?"

"ಒಳಗೆ ಯಾರೋ ಅದು, ಕಾಲು ಹಾರ್ಮೋನಿಯಂ ಬಾರಿಸ್ತಿರೋದು?"

ಅತ್ತೆ ಮೈಸೂರಿನ ಭಜನೆ ಮಂಡಳಿಗೆ ಕೈ ಹಾರ್ಮೋನಿಯಂ ನುಡಿಸುತ್ತಿದ್ದವರು. ಕಾಲಿನದನ್ನು ಚಿಕ್ಕಂದಿನಲ್ಲಿ ನಾಟಕ ಕಂಪನಿಯ ಟೆಂಟಿನಲ್ಲಿ ದೂರದಿಂದ ಕಂಡದ್ದಂತೆ. "ಮುಟ್ಟೋಕೆ ಬಿಡ್ಲಿಲ್ಲ ನಮ್ಮಪ್ಪ," ಎಂದರು. ಕಣ್ಣು ಚರ್ಚಿನ ಬಾಗಿಲಲ್ಲಿತ್ತು.

"ಬಾಮ್ಮ ಹಾಗಾದ್ರೆ."

"ಗೋರಿ ದಾಟಿ ಬರಲ್ಲ."

ನಾನು ಒಳಗೆ ಹೋಗಿ, ಬೇರೆ ಬಾಗಿಲು ಇದೆಯೇ ಎಂದು ಮುದುಕಿಯನ್ನು ಕೇಳಿದೆ. ಯಾಕೆ ಎಂದಳು. ನಮ್ಮ ಅತ್ತೆ ಗೋರಿಗಳ ನಡುವೆ ನಡೆಯುವುದಿಲ್ಲ ಎಂದೆ.

"ಅಯ್ಯೋ, ಭಯವಾ? ನನ್ನ ಗಂಡಾನೂ ಅಲ್ಲೇ ಮಲಗಿರೋದು. ಬದುಕಿದ್ದಾಗ್ಲೇ ಯಾರ ತಂಟೆಗೂ ಹೋದವನಲ್ಲ ಅಂತ ಹೇಳು, ಲವ್," ಎಂದಳು, ಅಲ್ಲಿಯ ಮುದುಕಿಯರು ಎಲ್ಲರನ್ನೂ ಕರೆಯುವ ಹಾಗೆ.

"ಭಯ ಅಲ್ಲ, ಸ್ನಾನ," ಎಂದೆ. ತಣ್ಣೀರಿನ ಕಥೆ ಹೇಳಿದೆ. ಮುದುಕಿ ಬೆಂಚು ಹಿಡಿದುಕೊಂಡು ನಕ್ಕಳು. ಪಾದ್ರಿ ನಿಲುವಂಗಿ ಹಾಕಿಕೊಳ್ಳುವ ಕೋಣೆಗೆ ಹಿಂದುಗಡೆ ಒಂದು ಬಾಗಿಲಿತ್ತು. ಅದರಾಚೆ ಗೋರಿಗಳಿಲ್ಲ, ಬರೀ ತಂತಿಬೇಲಿ, ಕುರಿಗಳ ಹುಲ್ಲುಗಾವಲು.

ಹುಲ್ಲುಗಾವಲಿನ ಕಡೆಯಿಂದ ಅತ್ತೆ ಬಂದರು. ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡಿದ್ದರು. ಮಗ ಬೇಲಿಯ ಕೆಳತಂತಿ ತುಳಿದು ಮೇಲಿನದನ್ನು ಎತ್ತಿ ಹಿಡಿದರು, ನಾನು ಸೆರಗು ಹಿಡಿದೆ. ಕುರಿಗಳು ಮೇಯುವುದು ಬಿಟ್ಟು ನಮ್ಮನ್ನೇ ನೋಡಿದವು.

"ಅತ್ತೆ, ಕುರಿ ಹಿಕ್ಕೆ, ನೋಡ್ಕೊಂಡು."

"ಅದು ಪರವಾಗಿಲ್ಲ, ಕಾಲು ತೊಳೆದ್ರೆ ಹೋಗತ್ತೆ."

ಒಳಗೆ ಬಂದವರು ಕಿಟಕಿಯ ಬಣ್ಣದ ಗಾಜು ನೋಡಲಿಲ್ಲ, ಮಗನಿಗೆ ಅಷ್ಟು ಪ್ರಿಯವಾದ ಕಲ್ಲುಕೆಲಸವನ್ನೂ ನೋಡಲಿಲ್ಲ. ನೇರ ಹಾರ್ಮೋನಿಯಂ ಮುಂದೆ ಕೂತರು. ಮೊದಮೊದಲು ಕೈ ಓಡಿದರೆ ಕಾಲು ನಿಲ್ಲುತ್ತಿತ್ತು, ಕಾಲು ಓಡಿದರೆ ಕೈ. ಮುದುಕಿ ಪಕ್ಕದಲ್ಲಿ ನಿಂತು "ಪಂಪ್, ಪಂಪ್!" ಎನ್ನುತ್ತಿದ್ದಳು. ನೋಡನೋಡುತ್ತ ಮೋಹನ ರಾಗ ಹೊರಟಿತು. ಮಧ್ಯೆ ಒಂದು ಕಡೆ ಹಲ್ಲು ಬಿದ್ದ ಹಾಗೆ ಸ್ವರ ಮಾಯವಾಗುತ್ತಿತ್ತು. ಅತ್ತೆ ನಿಲ್ಲಿಸಿ, ಆ ಕೀಲಿಯನ್ನೇ ಮತ್ತೆ ಮತ್ತೆ ಒತ್ತಿ, ಬಗ್ಗಿ ಹಿಂದುಗಡೆ ಇಣುಕಿ, ಮುದುಕಿಗೆ ಅಚ್ಚ ಕನ್ನಡದಲ್ಲಿ ಗದರಿದರು:

"ಇಲಿ ಸೇರಿದೆ ಕಣ್ರೀ ಇದ್ರಲ್ಲಿ! ನೋಡ್ಕೊಳ್ಳೋದಲ್ವಾ?"

ಮುದುಕಿ ತಲೆಯಾಡಿಸಿ ಇಂಗ್ಲಿಷಿನಲ್ಲಿ, "ಹೌದು, ಇಲಿಗಳು. ಏನು ಮಾಡಲಿ ಹೇಳಿ?" ಎಂದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಆದರೂ ಇಬ್ಬರೂ ಹಿಂದಿನ ಹಲಗೆ ಬಿಚ್ಚಲು ಸ್ಕ್ರೂಡ್ರೈವರ್ ಹುಡುಕತೊಡಗಿದರು. ಸಿಗಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ನಮ್ಮನೆಯವರು ರಸ್ತೆಯಿಂದ ಕಣ್ಣು ತೆಗೆಯದೆ, "ಅಮ್ಮ, ನಾಳೆ ಟಿಕೆಟ್ ವಿಚಾರಿಸ್ಲಾ?" ಎಂದರು.

"ಯಾವ ಟಿಕೆಟ್ಟೋ? ಒಂದು ಸ್ವರ ಸತ್ತು ಕೂತಿದೆ, ಅದನ್ನ ಹಾಗೇ ಬಿಟ್ಟು ಹೋಗೋಕಾಗತ್ತಾ? ಬರೋ ಭಾನುವಾರ ಸ್ಕ್ರೂಡ್ರೈವರ್ ತಗೋ." ಆಮೇಲೆ ನನ್ನ ಕಡೆ ತಿರುಗಿದರು. "ನನಗೆ ಒಂದು ಹಳೇ ಸೀರೆ ತೆಗೆದಿಡೇ. ತಂತಿಬೇಲಿ ಇದ್ಯಲ್ಲ."