ಗಾಜಿನ ಮೇಲಿನ ಕೆಂಪು ಚುಕ್ಕೆ

ಕಾರಿನೊಳಗೆ ಉಗುರುಬಣ್ಣದ ಬಾಟಲಿ ತೆರೆಯಬೇಡ ಎಂದು ಮಗಳಿಗೆ ನೂರು ಸಲ ಹೇಳಿದ್ದೇನೆ. ಕೇಳುವವಳಲ್ಲ. ಹೋದ ಶನಿವಾರ ಪುಣೆಯ ಸ್ವಾರಗೇಟ್ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ಪಕ್ಕದ ಸೀಟಿನಲ್ಲಿ ನಿರಾಳವಾಗಿ ಕುಳಿತು ಎಡಗೈ ಉಗುರುಗಳಿಗೆ ಕೆಂಪು ಬಳಿಯುತ್ತಿದ್ದಳು. ನಾನು ಆ ಹೊತ್ತಿಗೆ ಎದುರಿನ ಪರದೆಯ ಜೊತೆ ಜಗಳಕ್ಕೆ ಬಿದ್ದಿದ್ದೆ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಕಾಲಿಗೆ ಬಡಿಯುವ ಬಿಸಿಗಾಳಿ. ಎರಡು ತಿಂಗಳ ಹಿಂದೆ ಕೊಂಡ ಈ ಕಾರಿನಲ್ಲಿ ಗುಂಡಿ ಎನ್ನುವುದೇ ಇಲ್ಲ. ಫ್ಯಾನು ಜೋರು ಮಾಡಲು ಪರದೆಯಲ್ಲಿ ಒಂದು ಪುಟ, ಗಾಳಿಯ ದಿಕ್ಕು ತಿರುಗಿಸಲು ಇನ್ನೊಂದು ಪುಟ. ಬೆರಳಿಟ್ಟರೆ ಹಾಡು ಶುರುವಾಗುತ್ತದೆ, ಇನ್ನೊಮ್ಮೆ ಇಟ್ಟರೆ ಯಾರಿಗೋ ಫೋನು ಹೋಗುತ್ತದೆ. ಹಿಂದಿನ ರಿಕ್ಷಾದವನು ಹಾರ್ನ್ ಒತ್ತಿ ಒತ್ತಿ ತಲೆ ಕೆಡಿಸುತ್ತಿದ್ದ.

“ಪಪ್ಪಾ, ನಿಮಗ ಇಷ್ಟೂ ಬರಂಗಿಲ್ಲೇನು?” ಎಂದಳು ಮಗಳು, ಉಗುರಿನಿಂದ ಕಣ್ಣು ಎತ್ತದೆ.

ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದು ಬಾಯಿ ತೆರೆದವನಿಗೆ ಆ ವಾಸನೆ ಮೂಗಿಗೆ ಬಡಿಯಿತು. ಅದೇ ಘಾಟು, ಬಿಸಿಲಿಗೆ ಕಾದ ಕಾರು, ಅದರೊಳಗೆ ಉಗುರುಬಣ್ಣ… ಬೈಯುವುದು ಅಲ್ಲಿಗೇ ನಿಂತಿತು. “ನಿಮಗ ಇಷ್ಟೂ ಬರಂಗಿಲ್ಲೇನು” ಎಂಬ ಮಾತನ್ನು ನಾನೂ ಒಮ್ಮೆ ಒಬ್ಬರಿಗೆ ಅಂದಿದ್ದೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಕುರಕುಂಭದ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಪುಣೆಯಿಂದ ದಿನಾ ನಾಲ್ಕು ಜನರನ್ನು ಸೋಲಾಪುರ ರಸ್ತೆಯಲ್ಲಿ ಅಲ್ಲಿಗೆ ಕರೆದೊಯ್ಯುವ ಕಂಪನಿಯ ಕಾರಿಗೆ ಅವರು ಡ್ರೈವರ್. ಆಳಂದದ ಕಡೆಯವರು. ನಾನು ವಿಜಾಪುರದವನು. ಮೊದಲ ದಿನ ನನ್ನ ಮರಾಠಿ ಕೇಳಿದ್ದೇ ಅವರು ನಕ್ಕುಬಿಟ್ಟರು. “ಸಾಕ್ ಬಿಡ್ರಿ ಸಾಹೇಬ್ರ, ಕನ್ನಡದಾಗ ಮಾತಾಡ್ರಿ,” ಎಂದರು. ನಾಲ್ವರಲ್ಲಿ ಕಿರಿಯವನಾದ್ದರಿಂದ ನನ್ನ ಜಾಗ ಯಾವಾಗಲೂ ಮುಂದಿನ ಸೀಟು, ಅವರ ಪಕ್ಕ. ಹಿಂದಿನ ಮೂವರು ನಿದ್ದೆ ಹೋದ ಮೇಲೆ ನಾನು ಅವರಿಗೆ ಸಾಹೇಬ ಅಲ್ಲ, ತಮ್ಮ.

ಆ ಹಳೆಯ ಕಾರಿನ ಡ್ಯಾಶ್‌ಬೋರ್ಡು ನೋಡಿ ಮೊದಲು ನನಗೆ ನಗು ಬಂದಿತ್ತು. ಮೀಟರಿನ ಗಾಜಿನ ಮೇಲೆಲ್ಲ ಕೆಂಪು ಚುಕ್ಕೆಗಳು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ದಾರಿಯಲ್ಲಿ ಒಂದು, ಪೆಟ್ರೋಲ್ ಮುಳ್ಳಿನ ದಾರಿಯಲ್ಲಿ ಒಂದು, ವೇಗದ ಮುಳ್ಳಿಗೆ ಎರಡು. ಎಸಿಯ ತಿರುಗುವ ಗುಂಡಿಗಳ ಸುತ್ತಲೂ ಚುಕ್ಕೆಗಳು. ಒಂಟಿ ಚುಕ್ಕೆ ಬೇಸಿಗೆಗೆ, ಜೋಡಿ ಚುಕ್ಕೆ ಮಳೆಗಾಲದಲ್ಲಿ ಗಾಜಿಗೆ ಹಬೆ ಕಟ್ಟಿದಾಗ. ಎಲ್ಲವೂ ಕಾಕಾರ ಹೆಂಡತಿಯ ಉಗುರುಬಣ್ಣದ್ದು. ಮಾಸಿದ ಚುಕ್ಕೆಗೆ ಮತ್ತೆ ಬಣ್ಣ ಹಚ್ಚಲು ಪುಟ್ಟ ಬಾಟಲಿ ಬಾಗಿಲಿನ ಜೇಬಿನಲ್ಲೇ ಇರುತ್ತಿತ್ತು. ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ಮೊದಲು ಬರುತ್ತಿದ್ದದ್ದು ಆ ವಾಸನೆ.

ಯಾಕೆ ಈ ಚುಕ್ಕೆ ಎಂದು ಕೇಳಿದ್ದಕ್ಕೆ ಅವರು ತಕ್ಷಣ ಹೇಳಲಿಲ್ಲ. ಆರು ತಿಂಗಳಾದ ಮೇಲೆ ಒಂದು ದಿನ, ಹಿಂದಿನ ಸೀಟು ಖಾಲಿ ಇದ್ದಾಗ ಹೇಳಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಹದಿನೈದು ವರ್ಷ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡಿದವರು. ಅಲ್ಲಿ ಚೀಲದ ಮೇಲೆ ಏನು ಬರೆದಿದೆ ಎಂದು ಯಾವ ಹಮಾಲನೂ ಓದುವುದಿಲ್ಲವಂತೆ. ಕೆಂಪು ಗುರುತಿನ ಚೀಲ ಈ ಅಂಗಡಿಗೆ, ಹಸಿರು ಪಟ್ಟೆಯದು ಆ ಅಂಗಡಿಗೆ. ಗುರುತು ನೋಡಬೇಕು, ಹೊರಬೇಕು, ಇಳಿಸಬೇಕು. ಸೊಂಟ ಕೆಟ್ಟ ಮೇಲೆ ಟೆಂಪೊ ಹೊಡೆಯಲು ಕಲಿತರು, ಆಮೇಲೆ ಕಾರು. ಗುರುತು ಹಾಕುವ ಅಭ್ಯಾಸ ಜೊತೆಗೇ ಬಂತು.

“ಯಾರಿಗೂ ಹೇಳಬ್ಯಾಡ ತಮ್ಮಾ,” ಎಂದರು. ಹೇಳುವುದಿಲ್ಲ ಎಂದೆ.

ಚುಕ್ಕೆ ನಂಬಿ ಅವರು ಗಾಡಿ ಓಡಿಸುತ್ತಿದ್ದ ರೀತಿಗೆ ನನಗೆ ಎಷ್ಟೋ ಸಲ ಮೈ ಉರಿದಿದೆ. ಮೇ ತಿಂಗಳ ಮಧ್ಯಾಹ್ನ, ದಾರಿಯಲ್ಲಿ ಯವತ ಎಂಬ ಊರು ದಾಟಿದ ಮೇಲೆ, ಬಿಸಿಯ ಮುಳ್ಳು ಚುಕ್ಕೆ ಮುಟ್ಟಿತೋ ಇಲ್ಲವೋ, ಕಾಕಾ ಎಸಿ ಬಂದ್ ಮಾಡಿ ಹೀಟರ್ ಹಚ್ಚುತ್ತಿದ್ದರು. ಹೌದು, ಹೀಟರ್! ನಲವತ್ತು ಡಿಗ್ರಿ ಬಿಸಿಲಲ್ಲಿ! ಎಂಜಿನ್ನಿನ ಕಾವನ್ನೆಲ್ಲ ನಮ್ಮ ಮೇಲೆ ಬಿಟ್ಟು ಎಂಜಿನ್ ತಣ್ಣಗೆ ಮಾಡುವ ಉಪಾಯ ಅದು. ಹಿಂದಿನ ಸೀಟಿನವರು ಮರಾಠಿಯಲ್ಲಿ ಶಾಪ ಹಾಕುತ್ತಿದ್ದರು, ನಾನು ಕನ್ನಡದಲ್ಲಿ. ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಕಾಕಾ ಮಾತ್ರ ಮುಳ್ಳಿನ ಮೇಲೆ ಕಣ್ಣಿಟ್ಟು, ಅದು ಚುಕ್ಕೆಯಿಂದ ಕೆಳಗಿಳಿಯುವ ತನಕ ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ. ಐದಾರು ವರ್ಷದಲ್ಲಿ ಆ ಕಾರು ಒಮ್ಮೆಯೂ ದಾರಿಯಲ್ಲಿ ಕೈಕೊಡಲಿಲ್ಲ ಎಂಬುದನ್ನು ಆಗ ನಾವ್ಯಾರೂ ಗಮನಿಸಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಫೆಬ್ರವರಿಯಲ್ಲಿ ಹೊಸ ಕಾರು ಬಂತು. ದೊಡ್ಡದು. ಕೀಲಿ ತಿರುಗಿಸುವ ತನಕ ಡ್ಯಾಶ್‌ಬೋರ್ಡು ಕಪ್ಪು ಹಲಗೆ, ತಿರುಗಿಸಿದರೆ ಹಬ್ಬದ ದೀಪದಂತೆ ಒಂದಿಷ್ಟು ಪುಟ್ಟ ಚಿತ್ರಗಳು ಮಿನುಗಿ ಮಾಯವಾಗುತ್ತಿದ್ದವು. ಬಿಸಿಗೆ ಮುಳ್ಳು ಇಲ್ಲ. ಎಸಿಗೆ ಅಂಕಿ. ಆ ಅಂಕಿ ಮಾತ್ರ ಕಾಕಾಗೆ ಭಾರಿ ಇಷ್ಟವಾಯಿತು. “ಇಪ್ಪತ್ನಾಕ ಇಟ್ಟೀನ್ರೀ, ಸಾಕೇನ್ರೀ?” ಎಂದು ಹಿಂದೆ ತಿರುಗಿ ಕೇಳುವಾಗ ಮುಖದಲ್ಲಿ ಒಂಥರಾ ಠೀವಿ ಇರುತ್ತಿತ್ತು.

ಆದರೆ ಆಡಳಿತ ವಿಭಾಗದ ಸಾಹೇಬರು ಮೊದಲೇ ಹೇಳಿಬಿಟ್ಟಿದ್ದರು. ಮೂರು ತಿಂಗಳು ನೋಡುತ್ತೇವೆ, ಈ ಗಾಡಿ ನಿಭಾಯಿಸಿದರೆ ಕಾಕಾ ಇರುತ್ತಾರೆ, ಇಲ್ಲದಿದ್ದರೆ ಟ್ರೇನಿಂಗ್ ಆದ ಬೇರೆ ಡ್ರೈವರ್. ಆಗ ಕಾಕಾಗೆ ಐವತ್ತು ದಾಟಿತ್ತು. ಕಾರು ಹೋದರೆ ಮತ್ತೆ ಮಾರ್ಕೆಟ್ ಯಾರ್ಡಿನ ಟೆಂಪೊ. ಅಲ್ಲಿ ಟೆಂಪೊ ಹೊಡೆಯುವವನೇ ಚೀಲ ಇಳಿಸಲಿಕ್ಕೂ ಕೈ ಹಚ್ಚಬೇಕು. ಆ ಸೊಂಟಕ್ಕೆ ಅದು ಆಗದ ಕೆಲಸ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಈಗಲೂ ಒಂದು ನೆಪ ಸಿಕ್ಕಿಲ್ಲ.

ಮೊದಲ ವಾರವೇ ಅವರು ಹೊಸ ಗಾಜಿನ ಮೇಲೆ ಒಂದು ಚುಕ್ಕೆ ಇಟ್ಟರು. ಸಾಹೇಬರು ಅದನ್ನು ನೋಡಿ ಎಲ್ಲರೆದುರು ಕೂಗಾಡಿ, ಕಾಕಾ ಕೈಯಿಂದಲೇ ಬಟ್ಟೆಯಲ್ಲಿ ಉಜ್ಜಿಸಿ ತೆಗೆಸಿದರು. ಅಂದು ಸಂಜೆ ಮನೆಗೆ ಬರುವಾಗ ಕಾಕಾ ಮುಂದಿನ ಖಾನೆ ತೆರೆದು ದಪ್ಪ ಪುಸ್ತಕವೊಂದನ್ನು ತೋರಿಸಿದರು. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ.

“ತಮ್ಮಾ, ಇದರಾಗ ಆ ಚಿತ್ರಾ ಎಲ್ಲಾ ಅದಾವ. ಒಮ್ಮಿ ಓದಿ ಹೇಳು. ಒಮ್ಮಿ ಕೇಳಿದ್ರ ಸಾಕು, ನಾ ಮರಿಯಂಗಿಲ್ಲ.”

“ರವಿವಾರ ಬರ್ರಿ ಕಾಕಾ,” ಎಂದೆ.

ರವಿವಾರ ಬಂದರು. ತೊಳೆದ ಅಂಗಿ, ಕಂಕುಳಲ್ಲಿ ಆ ಪುಸ್ತಕ, ಕೈಯಲ್ಲಿ ಮಾರ್ಕೆಟ್ ಯಾರ್ಡಿನಿಂದ ತಂದ ದ್ರಾಕ್ಷಿ. ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ನಾನು ಪುಟ ತಿರುವಿದಂತೆ ಮಾಡಿ, ಇದು ಭಾಳ ದೊಡ್ಡದದ, ಮುಂದಿನ ವಾರ ಕೂತು ಓದೋಣ ಎಂದೆ. ಅವರು ಚಹಾ ಕುಡಿದು ಹೋದರು. ದ್ರಾಕ್ಷಿ ಸಿಹಿಯಾಗಿದ್ದವು, ನಾವು ತಿಂದೆವು. ಮುಂದಿನ ವಾರ ಮದುವೆ ಇತ್ತು, ಅದರ ಮುಂದಿನ ವಾರ ಇನ್ನೇನೋ… ಎರಡು ಸಲ ಅವರೇ ನೆನಪಿಸಿದರು, ಮೂರನೆಯ ಸಲ ಸುಮ್ಮನಾದರು. ಪುಸ್ತಕ ಮತ್ತೆ ಕಾರಿನ ಖಾನೆ ಸೇರಿತು, ನನ್ನ ಮೊಣಕಾಲಿನ ಎದುರಿಗೇ.

ಮೇ ತಿಂಗಳಲ್ಲಿ ಮುಂಬೈಯ ಮುಖ್ಯ ಕಚೇರಿಯಿಂದ ಹಿರಿಯ ಅಧಿಕಾರಿಯೊಬ್ಬರು ಕಾರ್ಖಾನೆ ನೋಡಲು ಬಂದರು. ಪುಣೆ ಸ್ಟೇಷನ್ನಿನಿಂದ ಅವರನ್ನು ಕರೆದೊಯ್ಯುವ ಕೆಲಸ ನನಗೂ ಕಾಕಾಗೂ ಬಿತ್ತು. ಬಿಳಿ ಅಂಗಿ, ಟೈ, ಹಿಂದಿನ ಸೀಟಿನಲ್ಲಿ ಕಾಗದಪತ್ರ ಹರಡಿಕೊಂಡು ಕುಳಿತಿದ್ದರು. ಎಸಿ ಇಪ್ಪತ್ತೆರಡಕ್ಕಿತ್ತು. ಯವತ ದಾಟಿ ಸ್ವಲ್ಪ ದೂರ ಹೋಗಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ಬಣ್ಣದ ಪುಟ್ಟ ಚಿತ್ರವೊಂದು ಹತ್ತಿಕೊಂಡಿತು. ನೋಡಿದರೆ ನಟ್ಟು ಬಿಚ್ಚುವ ಪಾನಾದ ಚಿತ್ರ.

“ಸಾಹೇಬ್ರ, ಪಾನಾ ಬಂತ್ರಿ,” ಎಂದರು ಕಾಕಾ, ಮೆಲ್ಲಗೆ. “ಏನ್ ಮಾಡ್ಲಿ?”

ಖಾನೆ ತೆರೆದು ಪುಸ್ತಕ ತೆಗೆಯಲು ಒಂದು ಗಳಿಗೆ ಸಾಕಿತ್ತು. ಆದರೆ ಹಿಂದೆ ಕುಳಿತವರ ಎದುರು ನನಗೆ ಗೊತ್ತಿಲ್ಲ ಎಂದು ತೋರಿಸಿಕೊಳ್ಳುವುದು ಹೇಗೆ? “ನಂಗೇನ್ ಗೊತ್ತು? ಡ್ರೈವರ್ ನೀವೋ ನಾನೋ? ನಿಮಗ ಇಷ್ಟೂ ಬರಂಗಿಲ್ಲೇನು?” ಎಂದು ಸಿಡುಕಿದೆ.

ಪಾನಾ ಎಂದರೆ ರಿಪೇರಿ. ಯಾರಿಗಾದರೂ ಹಾಗೇ ಅನಿಸುತ್ತದೆ. ಎಂಜಿನ್ನಿಗೆ ಅಪಾಯ ಎಂದುಕೊಂಡ ಕಾಕಾ ತಮಗೆ ಗೊತ್ತಿದ್ದ ಮದ್ದನ್ನೇ ಮಾಡಿದರು. ಎಸಿ ಬಂದ್, ಹೀಟರ್ ಪೂರಾ, ಕಿಟಕಿ ಕೆಳಗೆ, ಗಾಡಿ ಬೇವಿನ ಮರದ ಕೆಳಗೆ. ದೂಳು ನುಗ್ಗಿ ಹಿಂದಿನವರ ಕಾಗದಗಳು ಹಾರಿದವು. ಬಾನೆಟ್ ಎತ್ತಿ ಬಟ್ಟೆಯಿಂದ ಮುಟ್ಟಿ ನೋಡಿದರು. ಎಂಜಿನ್ ಇರಬೇಕಾದಷ್ಟೇ ಬಿಸಿ ಇತ್ತು. ಮತ್ತೆ ಮುಟ್ಟಿದರು. ಅವರ ಮುಖದಲ್ಲಿ ಅಂದು ಕಂಡ ಗೊಂದಲ… ಅಷ್ಟು ವರ್ಷದಲ್ಲಿ ಗಾಡಿಯೊಂದು ಅವರಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ಬೆವರಿನಿಂದ ತೊಯ್ದ ಅಧಿಕಾರಿ ಫೋನಿನಲ್ಲಿ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದರು. ಕಾರ್ಖಾನೆಯಿಂದ ಬೇರೆ ಗಾಡಿ ಬರುವಷ್ಟರಲ್ಲಿ ಒಂದು ತಾಸು ಕಳೆಯಿತು, ಅವರ ಮೀಟಿಂಗೂ ತಪ್ಪಿತು.

ಗ್ಯಾರೇಜಿನವನು ನೋಡಿ ನಕ್ಕನಂತೆ. ಗಾಡಿಗೆ ಏನೂ ಆಗಿರಲಿಲ್ಲ. ಸರ್ವಿಸಿಂಗ್ ಮಾಡಿಸುವ ಸಮಯ ಹತ್ತಿರ ಬಂದಿದೆ ಎಂದು ನೆನಪಿಸುವ ದೀಪ ಅದು.

ಸಂಜೆ ಆಡಳಿತದ ಸಾಹೇಬರು ನನ್ನನ್ನು ಕರೆಸಿದರು. ಮುಂದೆ ನೀನೇ ಕುಳಿತಿದ್ದೆಯಲ್ಲ, ಹೀಗೇಕಾಯಿತು ಎಂದು ಕೇಳಿದರು. ನಾನು ಹೆದರಿದೆ. ತಪ್ಪು ನನ್ನ ಕೊರಳಿಗೆ ಬೀಳುತ್ತದೆ ಎಂದು ಹೆದರಿದೆ. ಪುಸ್ತಕ ನನ್ನ ಎದುರಿಗೇ ಇತ್ತು, ಓದಲು ಬರುವ ನಾನೇ ತೆರೆಯಲಿಲ್ಲ ಎನ್ನಬಹುದಿತ್ತು. ಬದಲಿಗೆ ಬಾಯಿಂದ ಬಂದದ್ದು, “ಅವರಿಗೆ ಓದಲು ಬರುವುದಿಲ್ಲ ಸರ್.”

ಮರಾಠಿಯಲ್ಲಿ ಆಡಿದ ಆ ಒಂದು ಸಾಲು ಎಷ್ಟು ಸರಾಗವಾಗಿ ಬಂತೆಂದರೆ… ಅಷ್ಟು ಶುದ್ಧ ಮರಾಠಿ ನಾನು ಅದಕ್ಕೆ ಮುಂಚೆ ಮಾತಾಡಿರಲಿಲ್ಲ.

ಎರಡು ದಿನಕ್ಕೆ ಕಾಕಾ ಕೀಲಿ ಒಪ್ಪಿಸಿದರು. ಗೇಟಿನ ಹತ್ತಿರ ಸಿಕ್ಕಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಗಾಡಿ ಒರೆಸುವ ಬಟ್ಟೆ, ದೇವರ ಫೋಟೊ, ಉಗುರುಬಣ್ಣದ ಬಾಟಲಿ. ಯಾರು ಹೇಳಿದರೆಂದು ಅವರಿಗೆ ಗೊತ್ತಿತ್ತು. ಓದು ಬಾರದ ಸಂಗತಿ ಆ ಕಾರ್ಖಾನೆಯಲ್ಲಿ ತಿಳಿದಿದ್ದದ್ದು ನನ್ನೊಬ್ಬನಿಗೇ. ಬೈಯುತ್ತಾರೆಂದು ಕಾದೆ, ಬೈಯಲಿ ಎಂದೂ ಆಸೆಪಟ್ಟೆ. ಅವರು ಕೇಳಿದ್ದು ಒಂದೇ.

“ತಮ್ಮಾ, ಆ ಪಾನಾ ಅಂದ್ರ ಏನಂತ?”

ಅಷ್ಟರಲ್ಲಿ ನನಗೆ ಗೊತ್ತಾಗಿತ್ತು. ಅಷ್ಟು ಸಣ್ಣ ಸಂಗತಿಗೆ ಅವರ ಅನ್ನ ಹೋಯಿತೆಂದು ಯಾವ ಬಾಯಿಂದ ಹೇಳಲಿ? “ಏನೋ ಅದ ಕಾಕಾ, ನಂಗೂ ಗೊತ್ತಾಗ್ಲಿಲ್ಲ,” ಎಂದೆ. ಅವರು ತಲೆಯಾಡಿಸಿ ಬಸ್ ಸ್ಟಾಪಿನ ಕಡೆ ನಡೆದರು.

ಆಮೇಲೆ ಮಾರ್ಕೆಟ್ ಯಾರ್ಡಿನಲ್ಲಿ ಒಮ್ಮೆ ದೂರದಿಂದ ಕಂಡರು. ಟೆಂಪೊದ ಹಿಂದೆ ನಿಂತು ಒಂದು ಕೈ ಸೊಂಟದ ಮೇಲಿಟ್ಟು, ಇನ್ನೊಂದರಿಂದ ಈರುಳ್ಳಿ ಚೀಲ ಎಳೆಯುತ್ತಿದ್ದರು. ನಾನು ಬೇರೆ ಓಣಿ ಹಿಡಿದೆ. ಕೆಲವು ವರ್ಷದ ಮೇಲೆ ಬೆಲ್ಲದ ಅಂಗಡಿಯ ಗುಮಾಸ್ತರೊಬ್ಬರು, ಆಳಂದದವರೇ, ಮಾತಿನ ನಡುವೆ ಅವರು ತೀರಿಕೊಂಡ ಸುದ್ದಿ ಹೇಳಿದರು. ಊರಿಗೆ ಹೋಗಿದ್ದರಂತೆ, ಹಾಸಿಗೆ ಹಿಡಿದಿದ್ದರಂತೆ…

ಹೋದ ಶನಿವಾರ ಮಗಳು ಬಟ್ಟೆ ಅಂಗಡಿಗೆ ಹೋದಳು. ಕಾರು ರಸ್ತೆ ಬದಿಗೆ ಹಾಕಿ ನಾನು ಒಳಗೇ ಕುಳಿತೆ. ಉಗುರುಬಣ್ಣದ ಬಾಟಲಿ ಸೀಟಿನ ಮೇಲೆ ಬಿಟ್ಟುಹೋಗಿದ್ದಳು. ಎತ್ತಿಕೊಂಡೆ. ಎಸಿಯ ಗುರುತಿನ ಮೇಲೆ ಚುಕ್ಕೆ ಇಡೋಣವೆಂದರೆ ಅಷ್ಟರಲ್ಲಿ ಪರದೆ ತಾನಾಗಿ ರಸ್ತೆಯ ನಕ್ಷೆಗೆ ಬದಲಾಗಿತ್ತು. ಈ ಹಾಳು ಕಾರಿನಲ್ಲಿ ಚುಕ್ಕೆ ಇಡಲು ಒಂದು ಜಾಗವೂ ಇಲ್ಲ. ಬಾಟಲಿ ಮುಚ್ಚಿ ಮುಂದಿನ ಖಾನೆ ತೆರೆದೆ. ಪುಸ್ತಕ ಅಲ್ಲೇ ಇತ್ತು, ಪ್ಲಾಸ್ಟಿಕ್ ಕವರೂ ಹರಿದಿರಲಿಲ್ಲ.

ದೀಪಗಳ ಪುಟ ಹುಡುಕಿದೆ. ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ಕನ್ನಡ ಮಾಡಿ ಗಟ್ಟಿಯಾಗಿ ಓದತೊಡಗಿದೆ. ಇದು ಎಣ್ಣೆ ಕಡಿಮೆಯಾದರೆ ಕಾಕಾ, ತಕ್ಷಣ ನಿಲ್ಲಿಸಬೇಕು. ಇದು ಬ್ಯಾಟರಿ. ಇದು ಬಾಗಿಲು ಸರಿಯಾಗಿ ಹಾಕಿಲ್ಲ ಅಂತ. ನಾಲ್ಕನೆಯ ಸಾಲಿನಲ್ಲಿ ಪಾನಾ ಬಂತು. ಅದನ್ನೂ ಓದಿದೆ.

“ಇದೇನಿಲ್ರಿ ಕಾಕಾ. ಸರ್ವಿಸಿಂಗ್ ಹತ್ರ ಬಂದದ, ಅಷ್ಟ. ಗಾಡಿ ನಿಲ್ಲಸೂದು ಬ್ಯಾಡ. ಎಸಿ ಬಂದ್ ಮಾಡೂದು ಬ್ಯಾಡ. ಹಂಗ ಹೋಗ್ರಿ.”

ಗಡಿಯಾರ ನೋಡಿದೆ. ಇಡೀ ಪುಟ ಮುಗಿಯಲು ನಾಲ್ಕು ನಿಮಿಷ ಹಿಡಿದಿತ್ತು.