ಅವಳ ಕುರ್ಚಿ ಮೇಲೆ ಶಾಲುಗಳು

ಶಿರಾ ಗೇಟ್ ಹತ್ತಿರ ನಾವು ಕೆಲವರು ಸೇರಿ ಒಂದು ಆಸರೆ ಮನೆ ನಡೆಸುತ್ತೇವೆ. ಮನೆಗೆಲಸಕ್ಕೆಂದು ಕರೆದೊಯ್ದು ಕೂಡಿಹಾಕಿಕೊಂಡಿದ್ದ ಕಡೆಗಳಿಂದ ಬಿಡಿಸಿ ತಂದ ಹುಡುಗಿಯರು ಅಲ್ಲಿರುತ್ತಾರೆ. ಅವರಿಗೆ ಏನು ಬೇಕೆಂದು ಅವರನ್ನೇ ಕೇಳಬೇಕು, ಸಮಿತಿಯಲ್ಲಿ ಅವರೂ ಕೂರಬೇಕು ಎಂದು ಹಟ ಹಿಡಿದವಳು ನಾನೇ. ಅದಕ್ಕಾಗಿ ಹಿರಿಯರ ಜೊತೆ ಜಗಳವನ್ನೂ ಆಡಿದ್ದೆ.

ಹಾಗೆ ಸಮಿತಿಗೆ ಬಂದವಳು ಹುತ್ರಿದುರ್ಗದ ಕಡೆಯ ಹುಡುಗಿ. ಹೊಸದರಲ್ಲಿ ಅವಳು ಕುರ್ಚಿ ಮೇಲೆ ಕೂರುತ್ತಲೇ ಇರಲಿಲ್ಲ. ಕೆಲಸಕ್ಕಿದ್ದ ಮನೆಯಲ್ಲಿ ಅಪ್ಪಣೆಯಿಲ್ಲದೆ ಕೂತರೆ ಏಟು ಬೀಳುತ್ತಿತ್ತಂತೆ. "ಕೂತ್ಕಬೋದಾ ಅಕ್ಕಾ?" ಎಂದು ಪ್ರತಿ ಸಲ ಕೇಳುತ್ತಿದ್ದಳು. "ಕೇಳ್ಬೇಡ ಕಣೇ, ಕೂತ್ಕ" ಎಂದು ಗದರಿ ಗದರಿ ಆ ಮಾತು ಬಿಡಿಸಿದ್ದೆ. ಅದಕ್ಕೆ ನನಗೆ ಎಷ್ಟು ಹೆಮ್ಮೆ!

ಮೊನ್ನೆ ಸಭೆಗೆ ಕುಣಿಗಲ್ ಕಡೆಯ ದೊಡ್ಡವರೂ ಅತಿಥಿಗಳಾಗಿ ಬಂದಿದ್ದರು. ಕೈಗೆ ಕೆಲಸವಿದ್ದರೆ ಮನಸ್ಸು ಹಗುರವಾಗುತ್ತದೆ ಎಂದು ಹೊಸ ಹುಡುಗಿಯರನ್ನು ನಾವು ಮೊದಲು ಅಡುಗೆಮನೆಗೆ ಹಚ್ಚುತ್ತೇವೆ. ಅದು ನಿಲ್ಲಬೇಕೆಂದು ಹೇಳಲು ಅವಳು ಬೆಳಿಗ್ಗೆಯಿಂದ ಸಿದ್ಧವಾಗುತ್ತಿದ್ದಳು.

"ನನ್ಗೂ ಮಾತಾಡಕ್ ಬುಡ್ತಾರಾ ಅಕ್ಕಾ?"

"ಬುಡ್ದೆ ಏನು? ನಾನಿಲ್ವಾ?" ಎಂದಿದ್ದೆ.

ಅವಳ ಸರದಿ ಬರುವ ಹೊತ್ತಿಗೆ ಒಳಗೆ ಕಾಫಿ ಸಿದ್ಧವಾಗಿತ್ತು. ಗುಬ್ಬಿಯ ನಮ್ಮ ಮನೆಯಲ್ಲಿ ನೆಂಟರು ಬಂದರೆ, ಕೂತ ಹೆಂಗಸರಲ್ಲಿ ಚಿಕ್ಕವಳು ಎದ್ದು ಕಾಫಿ ತರಲು ಒಳಗೆ ಹೋಗಬೇಕು. ಅಮ್ಮ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು. ಹಾಳು ಅಭ್ಯಾಸ, ನಾನೂ ಆ ಹುಡುಗಿಯ ಕಡೆ ಹಾಗೇ ನೋಡಿದೆ. ಅವಳು ಎದ್ದು ಹೋದಳು. ಅತಿಥಿಗಳಿಗೆ ಹೊದಿಸಬೇಕಾದ ಶಾಲುಗಳನ್ನು ಖಾಲಿಯಾದ ಅವಳ ಕುರ್ಚಿ ಮೇಲೆ ಇಟ್ಟವಳೂ ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಅವಳು ಎಲ್ಲರಿಗೂ ಕಾಫಿ ಕೊಟ್ಟು ಮುಗಿಸುವಷ್ಟರಲ್ಲಿ ವಂದನಾರ್ಪಣೆಗೆ ಒಬ್ಬರು ಎದ್ದುನಿಂತಿದ್ದರು. ಖಾಲಿ ಟ್ರೇ ಎದೆಗವಚಿಕೊಂಡು ಶಾಲುಗಳನ್ನೇ ನೋಡುತ್ತಾ ಅವಳು ಕೇಳಿದಳು.

"ಕೂತ್ಕಬೋದಾ ಅಕ್ಕಾ?"

ನಾನು ಶಾಲುಗಳನ್ನು ಬಾಚಿ ತೊಡೆ ಮೇಲೆ ಹಾಕಿಕೊಂಡೆ. ಅವಳು ಕೂರಲಿಲ್ಲ. ವಂದನಾರ್ಪಣೆಯವರನ್ನು ತಡೆದು, ನಿಂತೇ ಹೇಳಿದಳು.

"ಹೊಸ್ದಾಗಿ ಬರೋ ಹುಡ್ಗೀರ್ನ ಅಡ್ಗೆಮನೆಗೆ ಹಚ್ಬೇಡಿ. ಅವ್ರು ಅಲ್ಲಿಂದ್ಲೇ ಬುಡಿಸ್ಕಂಡ್ ಬಂದಿರ್ತಾರೆ."

ಎಲ್ಲರ ಕೈಯಲ್ಲೂ ಅವಳು ತಂದುಕೊಟ್ಟ ಕಾಫಿ ಇತ್ತು. ನಾನು ಆಗಲೇ ಕುಡಿದು ಮುಗಿಸಿದ್ದೆ.