ಪಾಸ್ಖ ಕಳೆದ ಮೇಲೆ ರುವೈಸ್‌ಗೆ

ನನ್ನ ಗಂಡ ಅಬುಧಾಬಿಯಿಂದ ಕಾರಿನಲ್ಲಿ ಎರಡೂವರೆ ಗಂಟೆ ದೂರದ ರುವೈಸ್‌ನಲ್ಲಿ, ತೈಲ ಶುದ್ಧೀಕರಣ ಘಟಕದಲ್ಲಿ ಪ್ಲಾಂಟ್ ಆಪರೇಟರ್ ಆಗಿದ್ದರು. ನಾನು ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಹೃದ್ರೋಗ ವಿಭಾಗದ ನರ್ಸ್. ಅವರದು ಕಾಂಟ್ರಾಕ್ಟ್ ಕೆಲಸವಾದ್ದರಿಂದ ಫ್ಯಾಮಿಲಿ ಕ್ವಾರ್ಟರ್ಸ್ ಸಿಗಲಿಲ್ಲ. ಉಡುಪಿ ಕಡೆಯ ಒಬ್ಬರ ಜೊತೆ ಫ್ಲಾಟ್ ಹಂಚಿಕೊಂಡಿದ್ದರು. ನಾನೂ ಮಗಳೂ ಅಬುಧಾಬಿಯ ಹೊರವಲಯದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಒಂದು ವಿಲ್ಲಾದ ಹಿಂಭಾಗದಲ್ಲಿ ಇದ್ದೆವು. ಆಫ್ ಸಿಕ್ಕಾಗ ಅವರು ಕಾರಿನಲ್ಲಿ ಬರುತ್ತಿದ್ದರು. ಹಾಗೆ ಬರುವಾಗ ದಾರಿಯಲ್ಲಿ ಮಿರ್ಫಾ ಎಂಬ ಕಡಲತೀರದ ಊರಿನ ಹತ್ತಿರ ನಿಲ್ಲಿಸಿ ಫೋನ್ ಮಾಡಿ, ಮೀನು ತರಲಾ ಎಂದು ಕೇಳುವುದು ಅಭ್ಯಾಸ. ಇಷ್ಟೇ ನಮ್ಮ ಸಂಸಾರ. ಊರಿನವರು ನಾವಿಬ್ಬರೂ ಗಲ್ಫಿನಲ್ಲಿ ಒಟ್ಟಿಗೆ ಸುಖವಾಗಿದ್ದೇವೆ ಅಂದುಕೊಂಡಿದ್ದರು.

ಪಾಸ್ಖ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಬೆಳಿಗ್ಗೆ ನಾನು ಡ್ಯೂಟಿಯಲ್ಲಿದ್ದಾಗ ಆ ಫ್ಲಾಟಿನ ಜೊತೆಗಾರರ ಫೋನ್ ಬಂತು. "ಅಕ್ಕ, ನೀವೊಮ್ಮೆ ಬರ್ಬೇಕಿತ್ತು" ಎಂದರು, ಅಷ್ಟೇ. ರೋಗಿಗಳ ಮನೆಯವರಿಗೆ ನಾನೂ ಎಷ್ಟೋ ಸಲ ಅದೇ ದನಿಯಲ್ಲಿ ಫೋನ್ ಮಾಡಿದ್ದೆ. ಕೇಳಬೇಕಾದ್ದು ಏನೂ ಉಳಿಯಲಿಲ್ಲ. ನನ್ನ ಗಂಡ ಹಾಸಿಗೆಯಲ್ಲೇ ಹೋಗಿಬಿಟ್ಟಿದ್ದರು. ಹೃದಯಾಘಾತ ಎಂದು ಆಮೇಲೆ ಹೇಳಿದರು.

ದೇಹ ಕೆಡದ ಹಾಗೆ ಎಂಬಾಮಿಂಗ್ ಮಾಡಿದ ಮೇಲೆ ಮುಖ ನೋಡಲು ಕರೆದರು. ನಾನು ಗುರುತು ಹಿಡಿಯಲಿಲ್ಲ. ಇವರಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ. ಕೂದಲನ್ನು ಯಾರೋ ಹಿಂದಕ್ಕೆ ಬಾಚಿದ್ದರು. ಅವರು ಎಡಕ್ಕೆ ಬೈತಲೆ ತೆಗೆಯುವವರು. ನನ್ನ ಬ್ಯಾಗಿನ ಬಾಚಣಿಗೆ ತೆಗೆದು ಸರಿಮಾಡಿದೆ. ಆಗ ಸ್ವಲ್ಪ ಅವರ ಹಾಗೆ ಕಂಡರು. ಪೆಟ್ಟಿಗೆ ಮುಚ್ಚಿದರು. ಪೆಟ್ಟಿಗೆ ಹೊತ್ತ ವಿಮಾನದಲ್ಲೇ ನಾನೂ ಮಗಳೂ ಮಂಗಳೂರಿಗೆ ಹೋಗಿ, ಊರಿನ ಇಗರ್ಜಿಯ ಸಿಮಿತ್ರಿಯಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ಹೆಚ್ಚು ದಿನ ಅಲ್ಲಿ ಕೂರುವ ಹಾಗಿರಲಿಲ್ಲ. ಮಗಳ ವೀಸಾ ಅವಳ ಅಪ್ಪನ ಹೆಸರಿನಲ್ಲಿತ್ತು, ಅದನ್ನು ನನ್ನ ಹೆಸರಿಗೆ ಮಾಡಿಸಬೇಕಿತ್ತು. ಏಪ್ರಿಲ್‌ನಲ್ಲಿ ಅವಳ ಹೊಸ ತರಗತಿಯೂ ಶುರುವಾಗುವುದರಲ್ಲಿತ್ತು.

ಹಾಗಾಗಿ ಯೇಸು ಸಾವಿನಿಂದ ಎದ್ದ ದಿನವಾದ ಪಾಸ್ಖ ಹಬ್ಬಕ್ಕೆ ನಾವು ಅಬುಧಾಬಿಯಲ್ಲೇ ಇದ್ದೆವು. ಮುಸಫ್ಫಾದ ಚರ್ಚಿನಲ್ಲಿ ಒಳಗೆ ಜಾಗವಿಲ್ಲದೆ ಅಂಗಳದಲ್ಲಿ ಕುರ್ಚಿ ಹಾಕಿ, ಒಳಗಿನ ಪೂಜೆ ಕಾಣಲು ಪರದೆ ಕಟ್ಟಿದ್ದರು. ಮಲಯಾಳಿಗಳು, ಫಿಲಿಪ್ಪೀನಿನವರು, ತಮಿಳರು, ನಮ್ಮ ಕೊಂಕಣಿಯವರು, ಎಲ್ಲರೂ ಹೊಸ ಬಟ್ಟೆಯಲ್ಲಿ. ಹಾಲೆಲೂಯ ಹಾಡುವಾಗ ನಾನು ಕರ್ಚೀಫಿನಿಂದ ಕಣ್ಣು ಒರೆಸುತ್ತಿದ್ದೆ. ಪೂಜೆ ಮುಗಿದ ಮೇಲೆ ನಮ್ಮ ಪ್ರಾರ್ಥನಾ ಕೂಟದ ಹಿರಿಯ ಹೆಂಗಸೊಬ್ಬರು ಕೈ ಹಿಡಿದುಕೊಂಡು, ಇವತ್ತು ಅಳಬಾರದು, ನಂಬಿಕೆ ಇದ್ದವರು ಅಳುವುದಿಲ್ಲ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಕೈ ಬಿಡಿಸಿಕೊಂಡು ಕಾರಿನ ಕಡೆ ನಡೆದೆ.

ದಾರಿಯಲ್ಲಿ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: ಯೇಸು ಸತ್ತ ಮೇಲೆ ತನ್ನವರಿಗೆ ಕಾಣಿಸಿಕೊಂಡನಲ್ಲ, ಡ್ಯಾಡಿಯೂ ಹಾಗೆ ಬರುತ್ತಾರಾ? ಇಲ್ಲ ಎಂದೆ. ಅವಳು ಕಿಟಕಿಯಾಚೆ ನೋಡುತ್ತ, "ದೆನ್ ವಾಟ್ಸ್ ದ ಪಾಯಿಂಟ್, ಮಮ್ಮಾ?" ಎಂದಳು. ಭಾನುವಾರದ ಕ್ರಿಸ್ತೋಪದೇಶ ತರಗತಿಯಲ್ಲಿ ಅವಳ ವಯಸ್ಸಿನ ಮಕ್ಕಳಿಗೆ ವರ್ಷಗಳಿಂದ ಪಾಠ ಮಾಡುತ್ತಿದ್ದವಳು ನಾನು.

ಹಬ್ಬ ಕಳೆದ ಶನಿವಾರ ಮಧ್ಯಾಹ್ನ ಫ್ಲಾಟಿನ ಜೊತೆಗಾರರು ನನ್ನ ಗಂಡನ ಸಾಮಾನು ತಂದರು. ಎರಡು ರಟ್ಟಿನ ಪೆಟ್ಟಿಗೆ, ಒಂದು ಇಸ್ತ್ರಿಪೆಟ್ಟಿಗೆ, ಸುರಕ್ಷತೆಯ ಬೂಟು. ಅವರು ನನ್ನ ಗಂಡನಿಗಿಂತ ಚಿಕ್ಕವರು, ತುಳು ಮಾತಾಡುವವರು. ನನ್ನ ಗಂಡನನ್ನು ಅಣ್ಣ ಎಂದೇ ಕರೆಯುತ್ತಿದ್ದವರು. ಕೂರಿಸಿ ಕುಚ್ಚಲಕ್ಕಿ ಅನ್ನ, ಹುರಿದ ಬಂಗುಡೆ ಬಡಿಸಿದೆ. ಅವರು ತಟ್ಟೆ ಮುಟ್ಟಲಿಲ್ಲ.

"ಅಕ್ಕ, ಒಂದು ವಿಷಯ ಉಂಟು. ಅದನ್ನು ಹೇಳದೆ ನನಗೆ ಅನ್ನ ಇಳಿಯುವುದಿಲ್ಲ."

ಸಾಯುವ ಹಿಂದಿನ ದಿನ ಸಂಜೆ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಎದೆ ಹಿಡಿದ ಹಾಗಾಗುತ್ತದೆ, ಎಡಗೈ ಜೋಮು ಹಿಡಿದಿದೆ ಎಂದಿದ್ದರಂತೆ. ಇವರು ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಮಾಡಿ ಕುಡಿಸಿದ್ದರು. ಇಷ್ಟನ್ನು ತಲೆ ತಗ್ಗಿಸಿ ಹೇಳಿದವರು ಮುಂದಿನದನ್ನು ನನ್ನ ಮುಖ ನೋಡಿಯೇ ಹೇಳಿದರು.

"ಅಣ್ಣ ನಿಮಗೆ ಫೋನ್ ಮಾಡ್ಲಿಕ್ಕೆ ತೆಗೆದಿದ್ರು. ಬೇಡ, ಅಕ್ಕ ಸುಮ್ಮನೆ ಹೆದರ್ತಾರೆ, ನಾಳೆ ಕ್ಲಿನಿಕ್‌ಗೆ ಹೋಗುವ ಅಂತ ನಾನೇ ಹೇಳಿದ್ದು."

ಎಡಗೈ ಜೋಮು ಎಂಬ ಒಂದು ಮಾತು ನನ್ನ ಕಿವಿಗೆ ಬಿದ್ದಿದ್ದರೆ ಸಾಕಿತ್ತು. ದಿನವೂ ನಾನು ಮಾಡುವ ಕೆಲಸವೇ ಅದು. ಗ್ಯಾಸ್ ಅಂದುಕೊಂಡು ಬಂದ ಪರದೇಶದ ಗಂಡಸರನ್ನು ಮಂಚಕ್ಕೆ ಹತ್ತಿಸಿ, ಎದೆಗೆ ವಯರು ಅಂಟಿಸಿ, ಡಾಕ್ಟರನ್ನು ಓಡಿಸಿಕೊಂಡು ಬರುವವಳು ನಾನು. ಯಾರ್ಯಾರದೋ ಗಂಡಂದಿರು ಎದ್ದು ನಡೆದು ಮನೆಗೆ ಹೋಗಿದ್ದರು.

"ಎದ್ದು ಹೋಗಿ" ಎಂದೆ. ಅವರು ಎದ್ದರು. ಬಾಗಿಲ ಹತ್ತಿರ ಒಂದು ಕ್ಷಣ ನಿಂತರು. ಹೋದ ಮೇಲೆ ತಟ್ಟೆಯಲ್ಲಿದ್ದದ್ದನ್ನೆಲ್ಲ ಕಸದ ಚೀಲಕ್ಕೆ ಸುರಿದೆ. ಮಗಳು ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

ಮರುದಿನದ ತರಗತಿಯ ಪಾಠ ಯೇಸು ಪುನರುತ್ಥಾನದ ಬಳಿಕ ಶಿಷ್ಯರಿಗೆ ಕಾಣಿಸಿಕೊಂಡ ಪ್ರಸಂಗಗಳು. ಸ್ವಲ್ಪ ಕಾಲ ರಜೆ ತಗೊಳ್ಳಿ ಎಂದು ಚರ್ಚಿನವರು ಮೊದಲೇ ಹೇಳಿದ್ದರು, ನಾನೇ ಒಪ್ಪಿರಲಿಲ್ಲ. ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಇಟ್ಟುಕೊಂಡು ಕೂತೆ. ಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ. ಶಿಷ್ಯರು ಹೆದರಿ ಅಗುಳಿ ಹಾಕಿಕೊಂಡಿದ್ದ ಕೋಣೆಯೊಳಗೆ ಯೇಸು ಬಂದು ನಿಂತ ಭಾಗ ಬಂತು. ಚಿಕ್ಕಂದಿನಿಂದ ನಾನು ಅದನ್ನು ಮುಚ್ಚಿದ ಬಾಗಿಲಿನ ಪವಾಡ ಎಂದೇ ಕೇಳಿದ್ದೆ, ಹಾಗೆಯೇ ಕಲಿಸಿಯೂ ಇದ್ದೆ. ಆ ದಿನ ಮಾತ್ರ ಕೋಣೆಯೊಳಗೆ ಕೂತವರು ಯಾರು ಎಂಬುದು ಕಣ್ಣಿಗೆ ಬಿತ್ತು. ಅವನನ್ನು ಹಿಡಿದಾಗ ಓಡಿದವರು. ನನಗೆ ಅವನ ಪರಿಚಯವೇ ಇಲ್ಲ ಎಂದವನು. ಅವನು ಸಾಯುವಾಗ ಹತ್ತಿರ ಇರಬೇಕಾಗಿದ್ದು ಇಲ್ಲದೇ ಹೋದವರು. ನಾನಾಗಿದ್ದರೆ ಮೊದಲು ಕೇಳುತ್ತಿದ್ದದ್ದು ಒಂದೇ: ಎಲ್ಲಿ ಸತ್ತಿದ್ದಿರಿ ಆಗ? ಅವನು ಅದನ್ನು ಕೇಳಲೇ ಇಲ್ಲ. ಶಾಂತಿ ಎಂದ. ಹಾಗೆಂದು ಏನೂ ಆಗಿಲ್ಲ ಎಂಬಂತೆಯೂ ನಡೆದುಕೊಳ್ಳಲಿಲ್ಲ. ಕೈಯ ಗಾಯ ತೋರಿಸಿದ. ಸಾವನ್ನು ಗೆದ್ದು ಬಂದ ಮೈಯಲ್ಲಿ ಗಾಯ ಹಾಗೇ ಇತ್ತು.

ಓದಿ ನೆಮ್ಮದಿಯಾಯಿತು ಎಂದರೆ ಸುಳ್ಳಾಗುತ್ತದೆ. ಸಿಟ್ಟೇ ಬಂತು. ನಾನು ಕೇಳದ ಕೆಲಸವೊಂದನ್ನು ಯಾರೋ ನನ್ನ ತಲೆಗೆ ಕಟ್ಟಿದ ಹಾಗಾಯಿತು. ಪುಸ್ತಕ ಮುಚ್ಚಿಟ್ಟೆ.

ತರಗತಿಯಲ್ಲಿ ಹುಡುಗಿಯೊಬ್ಬಳು, ಅಷ್ಟು ಪ್ರೀತಿಸುತ್ತಿದ್ದ ಹೆಂಗಸೇ ಸಮಾಧಿಯ ಹತ್ತಿರ ಅವನನ್ನು ನೋಡಿ ತೋಟದವನು ಅಂದುಕೊಂಡದ್ದು ಹೇಗೆ ಎಂದು ಕೇಳಿದಳು. ಅವಳು ಅಳುತ್ತಿದ್ದಳು, ಅದಕ್ಕೆ, ಎಂದೆ. ಹೇಳಿದ ಮೇಲೆ ಇನ್ನೊಂದು ಮಾತು ನನಗೇ ಹೊಳೆಯಿತು. ಅಳಬೇಡ ಎಂದು ಗದರಿಸಿ ಅವಳನ್ನು ಯಾರೂ ಕಳಿಸಿರಲಿಲ್ಲ. ಅವಳು ಅಳುತ್ತ ಅಲ್ಲೇ ನಿಂತದ್ದಕ್ಕೇ ಅವನು ಮೊದಲು ಅವಳಿಗೆ ಕಾಣಿಸಿದ್ದು. ಮಕ್ಕಳಿಗೆ ಅದನ್ನು ಹೇಳಲು ಹೋದವಳು ತಿರುಗಿ ಕಪಾಟು ತೆರೆದೆ. ಬಣ್ಣದ ಪೆನ್ಸಿಲ್ ಕೊಟ್ಟು ಚಿತ್ರ ಬಿಡಿಸಲು ಹೇಳಿದೆ.

ರುವೈಸ್‌ಗೆ ಹೋಗುವ ಮನಸ್ಸಾಗಲು ಮೇ ಬಂತು. ಏಕೆ ಹೊರಟೆ ಎಂದು ಸರಿಯಾಗಿ ಹೇಳಲಾರೆ. ಆ ಜೊತೆಗಾರರು ಅಂದಿನಿಂದ ನನ್ನ ಫೋನಿಗೆ ಒಂದು ಮಾತನ್ನೂ ಕಳಿಸಿರಲಿಲ್ಲ, ಅದು ಕೊರೆಯುತ್ತಿತ್ತು. ಒಂದು ಆಫ್ ದಿನ ಮಗಳನ್ನು ಕೂರಿಸಿಕೊಂಡು ಹೊರಟೆ. ತರೀಫ್ ಎಂಬ ಊರು ದಾಟಿದ ಮೇಲೆ ಎರಡೂ ಕಡೆ ಉಪ್ಪುನೆಲ, ಕರೆಂಟಿನ ಗೋಪುರಗಳು, ಬಿಸಿಗಾಳಿಗೆ ರಸ್ತೆಯ ಮೇಲೆ ಹರಿಯುವ ಮರಳು. ನಿಮ್ಮನ್ನು ಕ್ಷಮಿಸಿದ್ದೇನೆ ಎಂಬ ವಾಕ್ಯವನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊರಳಿಸುತ್ತ ಹೋದೆ.

ಬಾಗಿಲು ತೆರೆದವರು ಬಹಳ ಇಳಿದುಹೋಗಿದ್ದರು. ಗಡ್ಡ ಬಿಟ್ಟಿದ್ದರು. ಒಳಗೆ ನನ್ನ ಗಂಡನ ಮಂಚದ ಮೇಲೆ ಆಗಲೇ ಬೇರೆ ಯಾರದೋ ಹೊದಿಕೆ ಇತ್ತು. ಆ ಮನುಷ್ಯ ಡ್ಯೂಟಿಗೆ ಹೋಗಿದ್ದ. ಇವರು ಕೂರಿ ಎನ್ನಲೂ ಹೆದರಿ ಗೋಡೆಗೆ ಒತ್ತಿ ನಿಂತರು. ನಾನು ಕಟ್ಟಿಕೊಂಡು ಬಂದ ವಾಕ್ಯ ಬಾಯಿಗೆ ಬರಲಿಲ್ಲ, ಏಕೆಂದರೆ ಅದು ನಿಜವಾಗಿರಲಿಲ್ಲ. ನಮ್ಮ ಕಡೆಯವರು ಯಾರ ಮನೆಗೆ ಹೋದರೂ ಕೇಳುವ ಮಾತು ಬಂತು.

"ಊಟ ಆಯ್ತಾ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಅಡುಗೆಮನೆಯಲ್ಲಿ ಮೊಟ್ಟೆ, ಈರುಳ್ಳಿ, ಬಾಸುಮತಿ ಅಕ್ಕಿ ಇತ್ತು. ಅನ್ನಕ್ಕಿಟ್ಟು ಮೊಟ್ಟೆಯ ಸಾರು ಮಾಡಿದೆ. ಮಗಳು ತಾನಾಗಿಯೇ ತಟ್ಟೆ ತೊಳೆದು ಇಟ್ಟಳು. ಮೂವರೂ ನೆಲದ ಮೇಲೆ ಕೂತೆವು. ಅವರು ಅನ್ನ ಕಲಸಿದವರು ಹಾಗೇ ಬೆರಳು ನಿಲ್ಲಿಸಿ ಕೇಳಿದರು.

"ಫೋನ್ ಮಾಡಿದ್ರೆ ಅಣ್ಣ ಬದುಕ್ತಿದ್ರಾ, ಅಕ್ಕ?"

ಸುಳ್ಳು ಹೇಳಬಹುದಿತ್ತು. ಅವರು ನಂಬುತ್ತಲೂ ಇದ್ದರು. ಆದರೆ ಗಾಯ ಮುಚ್ಚಿಟ್ಟುಕೊಂಡು ಆಡುವ ಶಾಂತಿಯ ಮಾತು ಇಬ್ಬರಿಗೂ ನಿಲ್ಲುವುದಿಲ್ಲ ಎನಿಸಿತು.

"ಬದುಕಬಹುದಿತ್ತು" ಎಂದೆ. ಅವರ ತಟ್ಟೆಗೆ ಇನ್ನಷ್ಟು ಸಾರು ಹಾಕಿ, "ನೀವು ಬೇಕೆಂದು ಮಾಡಿದ್ದಲ್ಲ ಅಂತ ನನಗೆ ಗೊತ್ತುಂಟು. ಉಣ್ಣಿ" ಎಂದೆ.

ಅವರು ಅತ್ತರು. ಅಳುತ್ತಲೇ ಉಂಡರು, ತಟ್ಟೆ ಖಾಲಿ ಮಾಡಿದರು. ನನ್ನ ಎದೆಯ ಕಲ್ಲೇನೂ ಅಲ್ಲಿ ಕರಗಲಿಲ್ಲ. ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ತನ್ನನ್ನು ಅರಿಯೆನೆಂದವನನ್ನೇ ಊಟಕ್ಕೆ ಕರೆದ ಯೇಸು ನೆನಪಾದ, ನಿಜ. ಆದರೆ ನಾನು ಅವನಾಗಿರಲಿಲ್ಲ. ಬಾಗಿಲಿಗೆ ಅಗುಳಿ ಹಾಕಿ ಕೂತವರ ಪೈಕಿ ನಾನೂ ಒಬ್ಬಳು. ನನ್ನ ಅಗುಳಿ ಭಯದ್ದಲ್ಲ, ಸಿಟ್ಟಿನದು. ಆ ಮಧ್ಯಾಹ್ನ ಒಂದು ಅನ್ನದ ಪಾತ್ರೆಯ ಸುತ್ತ ಕೂತವರು ನಾವು ಮೂವರೇ ಎಂದು ಗಟ್ಟಿಯಾಗಿ ಹೇಳಲು ಮಾತ್ರ ನನಗೆ ಧೈರ್ಯವಿಲ್ಲ. ನನ್ನ ಗಂಡನ ಮಾತಲ್ಲ ಇದು, ಅಗುಳಿ ಹಾಕಿದ ಕೋಣೆಯೊಳಗೆ ಬಂದು ನಿಂತವನ ಮಾತು. ನನ್ನ ಗಂಡ ಬರಲಿಲ್ಲ.

ಆ ಬೇಸಿಗೆಯಲ್ಲೇ ಆ ಜೊತೆಗಾರರು ಕೆಲಸ ಬಿಟ್ಟು ಊರಿಗೆ ಹೋದರು. ನಿದ್ದೆಗೆ ಮಾತ್ರೆ ಬೇಕಾಗುತ್ತದೆ, ಯಾರಾದರೂ ಎದೆನೋವು ಅಂದರೆ ಎದ್ದು ಹೊರಗೆ ಹೋಗುತ್ತಾರೆ ಎಂದು ಅವರ ಹೆಂಡತಿ ಹೇಳುತ್ತಾರೆ. ನಾನು ಆಗಾಗ ಫೋನ್ ಮಾಡುತ್ತೇನೆ. ಹವೆ, ಮಕ್ಕಳು, ಮೀನಿನ ರೇಟು ಮಾತಾಡುತ್ತೇವೆ. ಕೆಲವು ಸಲ ಅವರ ದನಿ ಕೇಳಿದ ಕೂಡಲೇ ಹಳೆಯ ಸಿಟ್ಟು ಏಳುತ್ತದೆ. ಆದರೂ ಫೋನ್ ಇಡುವುದಿಲ್ಲ. ಕ್ಷಮಿಸಿದ್ದೇನೆಯೇ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನಲ್ಲಿ ಇರುವುದು ಅಷ್ಟೇ.

ಮಗಳಿಗೆ ಈ ವರ್ಷ, ಅಪ್ಪ ಅಮ್ಮ ಕೊಟ್ಟ ನಂಬಿಕೆಗೆ ತಾನೇ ಹೌದು ಎನ್ನುವ ದೃಢೀಕರಣ ಸಂಸ್ಕಾರ ಆಗಬೇಕು. ಹೆಸರು ಕೊಡಲು ಅವಳಿಗೆ ಮನಸ್ಸಿಲ್ಲ. ನಂಬಿಕೆ ಇದೆಯೋ ಇಲ್ಲವೋ ತನಗೇ ಗೊತ್ತಿಲ್ಲ, ಗೊತ್ತಿಲ್ಲದೆ ಹೌದು ಎನ್ನಲಾರೆ ಎಂದಳು. ಫಾದರ್ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಯೇಸು ಎದ್ದು ಬಂದದ್ದನ್ನು ನಂಬಲು ಶಿಷ್ಯರೊಳಗೆ ಒಬ್ಬನು ಒಂದು ವಾರ ತಡ ಮಾಡಿದ, ಇವಳಿಗೆ ಇನ್ನೂ ಹೆಚ್ಚು ಹಿಡಿಯಬಹುದು, ಅವಳ ಜಾಗ ಹಾಗೇ ಇರಲಿ ಎಂದರು. ಮನೆಗೆ ಬಂದು ಮಗಳಿಗೆ ಅಷ್ಟನ್ನೇ ಹೇಳಿದೆ. ಅವಳು "ಓಕೆ" ಎಂದು ಹೋಂವರ್ಕಿಗೆ ಕೂತಳು.